ಅರಸನಿಗೆ ಹಸಿವಾದ ದಿನ

“ಎಲ್ಲರ ಮುಂದೆ ನಿಂತು ಅತ್ತ ದೊರೆಯ ಕಣ್ಣೀರು ಸುಳ್ಳಿರಬಹುದೇ, ಗುರುಗಳೇ?”

ಕರಿಸಿದ್ಧ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಕೈ ತೊಳೆದವನು ಒರೆಸಿಕೊಳ್ಳದೆ ಹಾಗೆಯೇ ಬಂದಿದ್ದ. ಬೆಳಿಗ್ಗೆ ಡಂಗುರದವನು ಸುದ್ದಿ ತಂದಿದ್ದ. ಪಕ್ಕದ ರಾಜ್ಯದವರು ಗಡಿಯ ಪೇಟೆಯೊಂದಕ್ಕೆ ನುಗ್ಗಿ ಜನರನ್ನು ಕೊಂದಿದ್ದರು. ದೊರೆ ಅರಮನೆಯ ಮೆಟ್ಟಿಲ ಮೇಲೆ ನಿಂತು ಅತ್ತಿದ್ದ. ತೋಳಿನಲ್ಲಿ ಬಲವಿದ್ದವರೆಲ್ಲ ದಂಡಿಗೆ ಸೇರಬೇಕೆಂದು ಕರೆ ಬಂದಿತ್ತು.

ಕರಿಸಿದ್ಧ ಮಠಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವನ ಅಪ್ಪ, ಅಜ್ಜ ಇಬ್ಬರೂ ಗರಡಿಯಲ್ಲಿ ಹೆಸರು ಮಾಡಿದವರು. ಇವನು ತಾನಾಗಿಯೇ ಅದನ್ನು ಬಿಟ್ಟು ಬಂದಿದ್ದ. ಈಚೆಗೆ ಮಠದ ಬದುಕು ಅವನಿಗೆ ಸಪ್ಪೆಯಾಗಿತ್ತು. ಜಪಕ್ಕೆ ಕೂತರೆ ಆಕಳಿಸುತ್ತಿದ್ದ, ಪಾಠಕ್ಕೆ ಕೂತರೆ ತೂಕಡಿಸುತ್ತಿದ್ದ, ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಇಂದು ಅವನ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ.

“ಸುಳ್ಳು ಎಂದವರು ಯಾರು?” ಎಂದರು ಗುರುಗಳು.

“ಅಡುಗೆಮನೆಯಲ್ಲಿ ಒಬ್ಬರು ಹಾಗಂದರು. ನನಗೆ ಸಿಟ್ಟು ಬಂತು. ಕಣ್ಣೀರು ನಿಜವಾದರೆ ಅಪ್ಪಣೆ ಕೊಡಿ. ಈ ಕಾವಿ ಕಳಚಿಟ್ಟು ನಾಳೆ ಬೆಳಿಗ್ಗೆಯೇ ದಂಡಿಗೆ ಹೊರಡುತ್ತೇನೆ. ಸುಳ್ಳಾದರೆ ಇಲ್ಲೇ ಇರುತ್ತೇನೆ.”

“ಒಳ್ಳೆಯ ಲೆಕ್ಕಾಚಾರ. ಅಳುವವನು ಅವನು, ಹೊರಡುವವನು ನೀನು,” ಎಂದರು ಗುರುಗಳು. “ಮೊದಲು ಕೈ ಒರೆಸಿಕೋ. ಆಮೇಲೆ ಕೂತುಕೋ.”

ಕರಿಸಿದ್ಧ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಅರಸನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಕತೆ ನಿನಗೆ ಹೇಳುವ ಅಗತ್ಯವೇ ಇರಲಿಲ್ಲ, ಕೆಟ್ಟವರನ್ನು ಗುರುತಿಸುವುದು ನಿನಗೂ ಬರುತ್ತದೆ.

ಅವನ ನಾಡಿನ ಅಂಚಿಗೆ ಒಂದು ಹೊಳೆ ಇತ್ತು. ಈಚೆ ದಡದಲ್ಲಿ ದೋಣಿ ನಡೆಸುವವರ ಒಂದು ಸಣ್ಣ ಊರು. ಆಚೆ ದಡದಲ್ಲಿ ಬೇರೊಬ್ಬ ಅರಸನ ದೊಡ್ಡ ಪೇಟೆ. ಆ ಪೇಟೆಯ ಮೇಲೆ ಇವನ ಕಣ್ಣು. ಅಜ್ಜನ ಕಾಲದಲ್ಲಿ ಅದು ನಮ್ಮದೇ ಆಗಿತ್ತು ಎನ್ನುತ್ತಿದ್ದ. ಅಜ್ಜನ ಕಾಲದಲ್ಲಿ ಎಲ್ಲವೂ ಎಲ್ಲರದ್ದೂ ಆಗಿರುತ್ತದೆ, ಬಿಡು.

ಆದರೆ ಆ ನಾಡಿನಲ್ಲಿ ಅರಸ ತನ್ನ ಇಷ್ಟದಂತೆ ಯುದ್ಧಕ್ಕೆ ಹೊರಡುವ ಹಾಗಿರಲಿಲ್ಲ. ಊರೂರಿನ ಹಿರಿಯರು ಒಪ್ಪಿ ಆಳು ಕೊಡಬೇಕು. ಆ ಹಿರಿಯರಿಗೆಲ್ಲ ಒಬ್ಬ ನಾಡಗೌಡ. ಅರಸ ಯುದ್ಧದ ಮಾತೆತ್ತಿದಾಗಲೆಲ್ಲ ನಾಡಗೌಡ ಕೈ ಮುಗಿದು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಅವರು ನಮಗೇನು ಮಾಡಿದ್ದಾರೆ, ಸ್ವಾಮಿ?”

ಅವರು ಏನೂ ಮಾಡಿರಲಿಲ್ಲ. ಆ ಪ್ರಶ್ನೆ ಅರಸನ ಗಂಟಲಲ್ಲಿ ಸಿಕ್ಕಿಕೊಂಡಿತು. ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದ. ವೈದ್ಯರು ಬಂದರು, ಕಷಾಯ ಕುಡಿಸಿದರು, ಹೋದರು. ಅವನ ತಾಯಿ ಬದುಕಿದ್ದಳು. ಬಡಿಸುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಗನಿಗೆ ಇಷ್ಟವಾದುದನ್ನೆಲ್ಲ ಮಾಡಿ ಬಡಿಸಿದಳು. ಅವನು ಎದ್ದುಹೋದ ಮೇಲೆ ಆ ತುಂಬಿದ ಎಲೆಯನ್ನು ಮಡಚುವಾಗ ದಿನವೂ ಕಣ್ಣೊರೆಸಿಕೊಂಡಳು. ಅರಸನ ತಾಯಿಯಾದರೇನು, ಮಗ ಉಣ್ಣಲಿಲ್ಲವೆಂದರೆ ಯಾವ ತಾಯಿಗೂ ಸಂಕಟವೇ.

ಇನ್ನು ಆ ನಾಡಿನ ಒಂದು ಪದ್ಧತಿ ಹೇಳಬೇಕು. ಹೊರಗಿನವರು ಗಡಿಯೊಳಗೆ ಬಂದು ನಾಡಿನ ಜನರನ್ನು ಕೊಂದರೆ ಅರಸ ಸತ್ತವರ ಹೆಸರಿನಲ್ಲಿ ದಂಡು ಕೇಳಬಹುದಿತ್ತು. ಆದರೆ ಸತ್ತವರ ಹೆಸರಿನಲ್ಲಿ ಹೋಗುವವನು ಸತ್ತವರ ಮನೆಯವನ ಹಾಗೆ ಇರಬೇಕು. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲವಲ್ಲ, ಹಾಗೆ ಅರಮನೆಯಲ್ಲೂ ಒಲೆ ಉರಿಯಬಾರದು. ಸುದ್ದಿ ಕೇಳಿದ ಗಳಿಗೆಯಿಂದ ದಂಡು ಹೊರಡುವ ತನಕ ಅರಸ ಉಣ್ಣಬಾರದು. ಹೊರಡುವ ಮುನ್ನ ನಾಡಗೌಡ ಸಭೆಯಲ್ಲಿ ಎದ್ದು ನಿಂತು, ಅರಸನಿಗೆ ಬಡಿಸುವವಳನ್ನು ಕೇಳಬೇಕು: “ಎಲೆ ಬಿಟ್ಟು ಎದ್ದವನು ಮತ್ತೆ ಎಲೆಗೆ ಕೂತನೇ?” ಅವಳು ಇಲ್ಲವೆಂದು ಹೇಳಿ, ಅರಸನ ಕೈಗೆ ವೀಳ್ಯ ಕೊಡಬೇಕು. ಆ ವೀಳ್ಯ ಹಿಡಿದ ಮೇಲೆಯೇ ದಂಡು ಹೊರಡುವುದು. ಇದನ್ನು ಮಾಡಿಟ್ಟ ಹಿರಿಯರು ಯಾರೋ ಮನುಷ್ಯರನ್ನು ಚೆನ್ನಾಗಿ ಬಲ್ಲವರು. ಆದರೆ ಆ ಪ್ರಶ್ನೆಗೆ ಇಲ್ಲ ಎಂಬುದರ ಹೊರತು ಬೇರೆ ಉತ್ತರವನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ಪ್ರಶ್ನೆ ಯಾತಕ್ಕೆ ಹುಟ್ಟಿತೆಂಬುದು ಮರೆತುಹೋಗಿತ್ತು.

ಒಂದು ಮಧ್ಯಾಹ್ನ ಅರಸ ಊಟಕ್ಕೆ ಕೂತಿದ್ದ. ತಾಯಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. ಕಾವಲಿನವರು ಒಬ್ಬ ಅಂಬಿಗನನ್ನು ಒಳಗೆ ತಂದರು. ಅವನ ಮೈಮೇಲಿನ ಬಟ್ಟೆ ಒದ್ದೆಯಾಗಿತ್ತು. ಅವನು ಹೊಸ್ತಿಲಿನಾಚೆಯೇ ನಿಂತ.

“ಊರು ಹೋಯ್ತು, ಸ್ವಾಮಿ,” ಎಂದ. “ಬೆಳಿಗ್ಗೆ ಬಂದರು. ಯಾರನ್ನೂ ಬಿಡಲಿಲ್ಲ. ನನ್ನ ಹೆಂಡತಿ, ಮಕ್ಕಳು... ನಾನು ದೋಣಿಯಲ್ಲಿದ್ದೆ. ನೀರಿಗೆ ಹಾರಿ, ನೀರೊಳಗಿಂದ ನೋಡಿದೆ.”

ಅರಸ ಕೇಳಿದ, “ಬಂದವರು ಆಚೆ ದಡದವರೇ?”

“ಹೌದು, ಸ್ವಾಮಿ.”

“ಸರಿಯಾಗಿ ನೋಡಿದೆಯಾ?”

“ನೋಡಿದೆ.”

ತಾಯಿ ಮಗನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ಕಾಲದಿಂದ ಬಿಗಿದಿದ್ದ ಅವನ ಹುಬ್ಬು ಸಡಿಲವಾಯಿತು. ಅವನೊಂದು ಉಸಿರು ಬಿಟ್ಟ. ಆಮೇಲೆ ಅವನ ಕಣ್ಣು ತುಂಬಿತು. ಎಲೆ ಬಿಟ್ಟೆದ್ದು, ಕೈ ತೊಳೆದು, ಹೊಸ್ತಿಲು ದಾಟಿ ಬಂದು ಅಂಬಿಗನನ್ನು ತಬ್ಬಿಕೊಂಡ. ಜೋರಾಗಿ ಅತ್ತ. ಅಂಬಿಗನ ಒದ್ದೆ ಹೆಗಲು ಅವನ ಕಣ್ಣೀರಿನಿಂದ ಇನ್ನಷ್ಟು ತೋಯ್ದಿತು. ಆ ಅಳುವಿನಲ್ಲಿ ನಟನೆ ಇರಲಿಲ್ಲ. ನೆನಪಿಟ್ಟುಕೋ, ಆಮೇಲೆ ಕೇಳಬೇಡ.

ಅಂಬಿಗ ಹೇಳಿದ, “ಸ್ವಾಮಿ, ಹೆಣಗಳು ಹಾಗೇ ಬಿದ್ದಿವೆ. ಸುಡೋದಕ್ಕೆ ನನ್ನೊಬ್ಬನ ಕೈಲಾಗಲ್ಲ. ಒಂದಿಷ್ಟು ಆಳು ಕೊಡಿ.”

“ಎಲ್ಲ ಆಗುತ್ತದೆ ಕಣಪ್ಪ,” ಎಂದ ಅರಸ. ಅವನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದ. ಅರಮನೆಯ ಮುಂದೆ ಜನ ಸೇರಿದ್ದರು. ಅರಸ ಅಂಬಿಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆದುದನ್ನು ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಜನ ಅತ್ತರು. ಅತ್ತು ಮುಗಿಸಿದವರು ಮನೆಗೆ ಹೋಗಿ ಅಟ್ಟದ ಮೇಲಿದ್ದ ಕತ್ತಿ ಇಳಿಸಿದರು. ಸುದ್ದಿ ಕೇಳಿ ಹಿರಿಯರನ್ನು ಕರೆದುಕೊಂಡು ನಾಡಗೌಡನೂ ಬಂದ. ತನ್ನ ಹಳೆಯ ಪ್ರಶ್ನೆಯನ್ನು ಅವನು ಆ ದಿನ ಕೇಳಲಿಲ್ಲ. ತಲೆ ತಗ್ಗಿಸಿ, “ಆಳು ಕೊಡುತ್ತೇವೆ, ಸ್ವಾಮಿ,” ಎಂದ. ನಾಳೆ ಬೆಳಿಗ್ಗೆ ವೀಳ್ಯವೆಂದು ತೀರ್ಮಾನವಾಯಿತು.

ಮಾತು ಮುಗಿದ ಮೇಲೆ ಅಂಬಿಗ ಯಾರಿಗೂ ಬೇಕಾಗಲಿಲ್ಲ. ಅವನು ಅರಮನೆಯ ಹಿಂದಿನ ಜಗಲಿಗೆ ಬಂದು ಕೂತ. ಆಳು ಕೊಡುತ್ತಾರೆಂದು ಕಾಯುತ್ತಿದ್ದ. ತಾಯಿ ಅವನನ್ನು ನೋಡಿದಳು. ಒಲೆ ಹಚ್ಚುವ ಹಾಗಿರಲಿಲ್ಲ. ಹುರಿಹಿಟ್ಟಿಗೆ ಮಜ್ಜಿಗೆ, ಬೆಲ್ಲ ಹಾಕಿ ಬಟ್ಟಲಲ್ಲಿ ಕಲಸಿ ತಂದು ಅವನ ಅಂಗೈ ಮೇಲೆ ಒಂದು ತುತ್ತು ಇಟ್ಟಳು.

“ಒಂದು ತುತ್ತು ತಿನ್ನಪ್ಪ. ಸತ್ತವರ ಕೆಲಸ ಮಾಡೋದಕ್ಕಾದರೂ ಜೀವ ನಿಲ್ಲಬೇಕು.”

ಅಂಬಿಗ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅದು ಬಾಯಲ್ಲೇ ಇತ್ತು. ನುಂಗಲು ನೋಡಿದ. ಆಗಲಿಲ್ಲ. ಎದ್ದು ಹೋಗಿ ಬೇಲಿಯ ಬುಡದಲ್ಲಿ ಉಗಿದು ಬಂದ.

“ಇಳೀತಿಲ್ಲ, ತಾಯಿ,” ಎಂದ. ತಪ್ಪು ಮಾಡಿದವನಂತೆ ಹೇಳಿದ.

ತಾಯಿ ಬಲವಂತ ಮಾಡಲಿಲ್ಲ. ಬಟ್ಟಲನ್ನು ಒಳಗಿನ ಗೂಡಿನಲ್ಲಿ ಇಟ್ಟಳು.

ದೀಪ ಹಚ್ಚುವ ಹೊತ್ತಿಗೆ ಅರಸ ಒಳಗೆ ಬಂದ. ಹಗಲೆಲ್ಲ ಮಾತಾಡಿ ಅವನ ಗಂಟಲು ಕಟ್ಟಿತ್ತು. ಪೇಟವನ್ನು ಬಿಚ್ಚಿಟ್ಟು ಕಂಬಕ್ಕೆ ಒರಗಿ ನಿಂತ.

“ಅಮ್ಮಾ, ಹಸಿವಾಗ್ತಿದೆ.”

ತಾಯಿಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ, ಅವಳಿಗೆ ಸಂತೋಷವೇ ಆಯಿತು. ಆ ಮಾತನ್ನು ಕೇಳಲು ಅವಳು ಹೊತ್ತ ಹರಕೆಗಳಿಗೆ ಲೆಕ್ಕವಿರಲಿಲ್ಲ. ಯಾವ ದಿನ, ಯಾವ ಸುದ್ದಿ, ಯಾವ ಪದ್ಧತಿ, ಎಲ್ಲವೂ ಆ ಗಳಿಗೆಯಲ್ಲಿ ಅವಳಿಗೆ ಮರೆತುಹೋಯಿತು. ಓಡಿಹೋಗಿ ಗೂಡಿನಲ್ಲಿದ್ದ ಬಟ್ಟಲು ತಂದುಕೊಟ್ಟಳು. ಅರಸ ನಿಂತುಕೊಂಡೇ ತಿಂದ. ಬೇಗ ಬೇಗ ತಿಂದ. ಬಟ್ಟಲಿನ ಅಂಚಿಗೆ ಹತ್ತಿದ್ದನ್ನೂ ಬೆರಳಿನಿಂದ ಬಳಿದು ನೆಕ್ಕಿದ.

“ಇನ್ನೂ ಇದೆಯಾ ಅಮ್ಮಾ? ಚೆನ್ನಾಗಿದೆ.”

ಆಗ ತಾಯಿ ಜಗಲಿಯ ಕಡೆ ನೋಡಿದಳು. ಜಗಲಿಯಲ್ಲಿ ಕೂತವನ ಗಂಟಲಲ್ಲಿ ಇಳಿಯದ ಹಿಟ್ಟು ಅದೇ. ಮಧ್ಯಾಹ್ನ ಸಡಿಲವಾದ ಹುಬ್ಬು ಅವಳಿಗೆ ಈಗ ನೆನಪಾಯಿತು. ಆ ಉಸಿರು ನೆನಪಾಯಿತು. ಹೊಳೆಯ ಊರಿನವರು ಹಿಂದಿನ ಹುಣ್ಣಿಮೆಗೆ ಬಂದು ನಮಗೆ ಕಾವಲು ಕೊಡಿ, ಆಚೆಯವರು ಯಾಕೋ ಸರಿಯಿಲ್ಲ ಎಂದು ಕೇಳಿಕೊಂಡಿದ್ದು ನೆನಪಾಯಿತು. ಮಗ “ನೋಡೋಣ” ಎಂದಿದ್ದ. ಆಮೇಲೆ ಮರೆತಿದ್ದ. ಬೇಕೆಂದೇ ಮರೆತನೇ ಎಂದರೆ ಅದೂ ಅಲ್ಲ. ನೆನಪಿಟ್ಟುಕೊಳ್ಳಲು ಅವನಿಗೆ ಯಾವ ಕಾರಣವೂ ಇರಲಿಲ್ಲ, ಅಷ್ಟೇ.

ಅವಳು ಎರಡನೆಯ ಬಟ್ಟಲು ಕಲಸಿಕೊಟ್ಟಳು. ಅದನ್ನೂ ತಿಂದು ಅರಸ ಕೈ ತೊಳೆದ. ತಾಯಿಯ ಮುಖ ನೋಡಿದ. ಅವನಿಗೂ ತಿಳಿಯಿತು.

“ಎಲೆ ಹಾಕಲಿಲ್ಲವಲ್ಲ ಅಮ್ಮಾ,” ಎಂದ. “ಬಟ್ಟಲು ತಾನೇ. ಕೂರಲೂ ಇಲ್ಲ.”

ತಾಯಿ ಖಾಲಿ ಬಟ್ಟಲನ್ನು ಎತ್ತಿಕೊಂಡಳು.

“ನಾಳೆ ಕೇಳುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಸಾವಿರ ಜನ ಕತ್ತಿ ಹಿಡಿದು ನಿಂತಿದ್ದಾರೆ. ನನ್ನ ಮಾನ ನಿನ್ನ ಕೈಯಲ್ಲಿದೆ.”

ಅರಸ ಮಲಗಿದ. ಎಷ್ಟೋ ದಿನಗಳ ಮೇಲೆ ಅವನಿಗೆ ಒಳ್ಳೆಯ ನಿದ್ದೆ ಬಂತು. ತಾಯಿಗೆ ಬರಲಿಲ್ಲ.

ಬೆಳಿಗ್ಗೆ ಸಭೆ ಸೇರಿತು. ಅರಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಂಬಿಗನನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಕೂರಿಸಿದ್ದರು. ತಾಯಿ ವೀಳ್ಯದ ತಟ್ಟೆ ಹಿಡಿದು ಬಂದಳು. ಅವಳಿಗೆ ಗೊತ್ತಿತ್ತು. ಒಂದು ಮಾತಿನಿಂದ ದಂಡು ನಿಲ್ಲಬಹುದು. ಅದೇ ಮಾತಿನಿಂದ ತನ್ನ ಮಗ ಇಷ್ಟೂ ಜನರ ಕಣ್ಣಿನಲ್ಲಿ ಕೆಳಗಿಳಿಯಬಹುದು, ಗದ್ದುಗೆಯಿಂದಲೂ ಇಳಿಯಬಹುದು. ಇಲ್ಲ ಎಂಬ ಮಾತನ್ನು ಅವಳು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಬಂದಿದ್ದಳು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

ನಾಡಗೌಡ ಎದ್ದು ನಿಂತು ಕೇಳಿದ, “ಎಲೆ ಬಿಟ್ಟು ಎದ್ದವನು ಮತ್ತೆ ಎಲೆಗೆ ಕೂತನೇ?”

ಕೇಳುತ್ತಲೇ ಅವನು ಡೋಲಿನವರ ಕಡೆ ತಿರುಗಿದ್ದ. ಅವಳು ಇಲ್ಲವೆಂದ ಕೂಡಲೇ ಡೋಲು ಬಡಿಯಬೇಕಿತ್ತು.

ತಾಯಿ ಸುಮ್ಮನೆ ನಿಂತಳು. ಡೋಲಿನವರು ಎತ್ತಿದ ಕೈ ಹಾಗೆಯೇ ನಿಂತಿತು. ನಾಡಗೌಡ ತಿರುಗಿ ಅವಳನ್ನು ನೋಡಿದ. ಹಿಂದಿದ್ದವರು ಏನಾಯಿತೆಂದು ಕತ್ತು ಎತ್ತಿದರು. ಅರಸ ನೆಲ ನೋಡುತ್ತಿದ್ದ. ತಾಯಿ ಅಂಬಿಗನನ್ನು ನೋಡಿದಳು. ಅವನ ತುಟಿ ಒಣಗಿ ಒಡೆದಿತ್ತು. ಅವನಿಗೆ ಇನ್ನೂ ಏನೂ ಇಳಿದಿರಲಿಲ್ಲ.

“ಉಂಡ,” ಎಂದಳು ತಾಯಿ.

ಜನ ಗುಜುಗುಜು ಎಂದರು. ನಾಡಗೌಡನ ಮುಖ ಬಿಳಿಚಿತು. ಅವನು ಅರಸನನ್ನು ನೋಡಿದ, ಕತ್ತಿ ಹಿಡಿದ ಜನರನ್ನು ನೋಡಿದ. ಅವರೊಳಗೆ ಅವನ ಇಬ್ಬರು ಗಂಡುಮಕ್ಕಳೂ ಇದ್ದರು. ಆಗ ಅವನು ದಂಡನ್ನು ಅಲ್ಲೇ ನಿಲ್ಲಿಸಬಹುದಿತ್ತು. ಆದರೆ ಅಷ್ಟು ಜನರ ಕಣ್ಣು ಅವನ ಮೇಲಿತ್ತು.

“ತಾಯೀ, ಸರಿಯಾಗಿ ಹೇಳಿ,” ಎಂದ. “ಎಲೆಗೆ ಕೂತರೇ?”

“ಎಲೆ ಇರಲಿಲ್ಲ, ಗೌಡರೇ,” ಎಂದಳು ಅವಳು. “ಹಸಿವಿತ್ತು.”

ನಾಡಗೌಡ ಉಸಿರು ಬಿಟ್ಟ. ಸಭೆಯ ಕಡೆಗೆ ತಿರುಗಿ ಕೂಗಿ ಹೇಳಿದ, “ಎಲೆ ಇರಲಿಲ್ಲವಂತೆ! ಕೇಳಿದಿರಲ್ಲ? ಪದ್ಧತಿ ಮುರಿದಿಲ್ಲ. ಪಾಪ, ತಾಯಿ ಕರುಳು, ಮಗನನ್ನು ಕಳಿಸೋದಕ್ಕೆ ಮನಸ್ಸು ಬರುತ್ತಿಲ್ಲ.” ಜನ ಅಯ್ಯೋ ಎಂದರು. ಕೆಲವು ಹೆಂಗಸರು ಅವಳಿಗಾಗಿ ಅತ್ತೂಬಿಟ್ಟರು. ಡೋಲು ಬಡಿಯಿತು. ತಾಯಿ ತಟ್ಟೆಯನ್ನು ಮುಂದೆ ಚಾಚಲಿಲ್ಲ. ಅರಸನೇ ಕೈ ನೀಡಿ ವೀಳ್ಯವನ್ನು ಎತ್ತಿಕೊಂಡ. ಆ ಗದ್ದಲದಲ್ಲಿ ಅದನ್ನು ಗಮನಿಸಿದವರು ಕಡಿಮೆ.

ಅಂಬಿಗ ಎದ್ದು ನಾಡಗೌಡನ ಬಳಿ ಬಂದ. “ಹೆಣ ಸುಡೋದಕ್ಕೆ ಆಳು...” ಎಂದ.

“ದಂಡು ವಾಪಸು ಬಂದ ಮೇಲೆ ನೋಡೋಣ ಕಣಪ್ಪ,” ಎಂದ ನಾಡಗೌಡ. “ನಿನ್ನವರಿಗಾಗಿಯೇ ತಾನೇ ಹೋಗುತ್ತಿರುವುದು?”

ತಾಯಿ ಅದನ್ನು ಕೇಳಿಸಿಕೊಂಡಳು. ತಟ್ಟೆಯನ್ನು ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಡಿಯಪ್ಪ, ನಾನು ಬರ್ತೀನಿ,” ಎಂದು ಅವನ ಜೊತೆ ಹೊರಟಳು.

ದಂಡಿಗೆ ಒಂದಿಷ್ಟು ಸಿದ್ಧತೆ ಬೇಕಿತ್ತು. ಅದು ಹೊಳೆಯ ದಡಕ್ಕೆ ಬರುವ ಹೊತ್ತಿಗೆ ಅವರಿಬ್ಬರೂ ಮುಂಚೆಯೇ ಬಂದು ಕೆಲಸಕ್ಕೆ ತೊಡಗಿದ್ದರು. ಸುಟ್ಟ ಮನೆಗಳಲ್ಲಿ ಸುಡದೆ ಉಳಿದ ತೊಲೆಗಳನ್ನು ಎಳೆದು ತಂದು ಚಿತೆಗೆ ಒಟ್ಟುತ್ತಿದ್ದರು. ದಂಡು ಆ ಊರಿನ ಪಕ್ಕದಲ್ಲೇ ಹಾದುಹೋಯಿತು. ಆಚೆ ದಡದ ಪೇಟೆಗೆ ಹಗಲಿರುವಾಗಲೇ ಮುಟ್ಟಬೇಕಿತ್ತು. ಅದಕ್ಕೇ ಯಾರೂ ನಿಲ್ಲಲಿಲ್ಲ. ಅರಸ ಕುದುರೆಯ ಮೇಲಿಂದ ತಾಯಿಯನ್ನು ನೋಡಿದ. ದೂರದಿಂದಲೇ ಕೈ ಮುಗಿದ. ಅವಳು ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಒಂದು ಮಗುವಿತ್ತು.

ಅರಸ ಗೆದ್ದ. ಪೇಟೆ ಅವನದಾಯಿತು. ಆ ವರ್ಷ ಅವನ ನಾಡಿನಲ್ಲಿ ಒಲೆ ಉರಿಯದ ಮನೆಗಳು ಬಹಳ ಆದವು. ನಾಡಗೌಡನದೂ ಅವುಗಳಲ್ಲಿ ಒಂದು. ಅರಸ ಆ ಮನೆಗಳಿಗೆಲ್ಲ ಹೋದ, ಎಲ್ಲ ಕಡೆಯೂ ಅತ್ತ. ತಾಯಿ ಅರಮನೆಗೆ ಮರಳಲಿಲ್ಲ. ಹೊಳೆಯ ದಡದಲ್ಲೇ ಉಳಿದಳು. ಅವನಿಗೆ ಬಡಿಸಲು ಬೇರೆಯವರು ಬಂದರು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅರಸನ ಕಣ್ಣೀರು ಸುಳ್ಳು,” ಎಂದ ಕರಿಸಿದ್ಧ.

“ನಿಜ ಎಂದು ಹೇಳಿದೆನಲ್ಲ. ನೆನಪಿಟ್ಟುಕೋ ಎಂದೂ ಹೇಳಿದ್ದೆ. ಇಷ್ಟು ಹೊತ್ತು ಯಾರಿಗೆ ಹೇಳಿದೆ ನಾನು?” ಗುರುಗಳ ದನಿ ಏರಿತು. “ಕಣ್ಣೀರೂ ನಿಜ, ಹಸಿವೂ ನಿಜ. ಕಣ್ಣೀರನ್ನು ಊರೆಲ್ಲ ನೋಡಿತು. ಹಸಿವನ್ನು ತಾಯಿ ಒಬ್ಬಳು ನೋಡಿದಳು.”

“ಅವನಿಗೆ ಪೇಟೆ ಬೇಕಾಗಿತ್ತು, ಗುರುಗಳೇ. ನನಗೇನು ಬೇಕು? ನನಗೆ ಯಾವ ಪೇಟೆಯೂ ಬೇಡ, ಗದ್ದುಗೆಯೂ ಬೇಡ. ನಾನು ಸತ್ತವರಿಗಾಗಿ ಮಾತ್ರ ಹೊರಟವನು. ನನಗೆ ಅಪ್ಪಣೆ ಕೊಡಿ.”

ಗುರುಗಳು ಅವನ ಕೈಯನ್ನು ನೋಡಿದರು. ಅದು ಈಗ ಒಣಗಿತ್ತು.

“ಹೋಗು, ಆದರೆ ತಿಂಗಳಿಂದ ಅರ್ಧ ಊಟಕ್ಕೇ ಏಳುತ್ತಿದ್ದವನು ಇವತ್ತು ಆ ಸುದ್ದಿ ಕೇಳಿ ಬಂದು ಕೂತು ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡೆಯಲ್ಲ, ಆ ಹಸಿವು ಯಾರಿಗಾಗಿ ಎಂದು ಹೇಳಿ ಹೋಗು.”